ಅಮೆರಿಕದ ಸಭೆ, ಚೀನೀ ವಿದ್ಯಾರ್ಥಿಗಳು: ಹಾಲ್‌ನ ಕೀಲಿ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಾನು ಉಡುಪಿ ಕಡೆಯವಳು. ಮದುವೆಯಾದ ಮೇಲೆ ಅಮೆರಿಕದ ಒಂದು ಯೂನಿವರ್ಸಿಟಿ ಊರಲ್ಲಿದ್ದೇನೆ. ನಾವು ಹೋಗುವ ಸಭೆಯಲ್ಲಿ (ಚರ್ಚಿನಲ್ಲಿ) ಹೆಚ್ಚಿನವರು ಬಿಳಿಯ ಅಮೆರಿಕನ್ನರು. ಪ್ರತಿ ಶುಕ್ರವಾರ ಸಂಜೆ ಚೀನೀ ವಿದ್ಯಾರ್ಥಿಗಳಿಗೆ ಊಟ, ಇಂಗ್ಲಿಷ್ ಮಾತಾಡುವ ಅಭ್ಯಾಸ, ಆಮೇಲೆ ಸತ್ಯವೇದ ಅಧ್ಯಯನ ಇಟ್ಟಿದ್ದೇವೆ. ಅಡುಗೆಯಿಂದ ಪಾಠದವರೆಗೆ ಎಲ್ಲವನ್ನೂ ನಮ್ಮ ತಂಡವೇ ನೋಡಿಕೊಳ್ಳುತ್ತದೆ. ಅವರು ಬರುತ್ತಾರೆ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ. ದೀಕ್ಷಾಸ್ನಾನದ ಮಾತು ಬಂದರೆ ಮಾತ್ರ ಮುಂದೂಡುತ್ತಾರೆ. ದೀಕ್ಷಾಸ್ನಾನ ತಗೊಂಡ ಇಬ್ಬರು ಚೀನಾಕ್ಕೆ ವಾಪಸ್ ಹೋದ ಮೇಲೆ ಸುದ್ದಿಯೇ ಇಲ್ಲ. ಈಗ ಇಲ್ಲೇ ನೆಲೆಸಿರುವ ಕೆಲವು ಚೀನೀ ಕುಟುಂಬಗಳು ತಮ್ಮದೇ ಮ್ಯಾಂಡರಿನ್ (ಚೀನೀ ಭಾಷೆಯ) ಕೂಟ ನಡೆಸೋಕೆ ಹಾಲ್ ಕೇಳಿವೆ. ನಮ್ಮ ಸಭಾಹಿರಿಯರಿಗೆ ಬೇಜಾರಾಗಿದೆ. ನಾವು ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಸೋದರಿ, ನಿಮ್ಮ ಪತ್ರದ ಕೊನೆಯಲ್ಲಿರುವ ಹಾಲ್ ವಿಷಯದಿಂದಲೇ ಶುರು ಮಾಡುತ್ತೇನೆ. ಹಾಲ್ ಕೊಡಿ. ಖುಷಿಯಿಂದ ಕೊಡಿ. ಕೀಲಿಯನ್ನೂ ಅವರ ಕೈಗೇ ಕೊಡಿ. ಅವರು ನಿಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ ಎಂದು ನಿಮ್ಮ ಹಿರಿಯರಿಗೆ ಅನ್ನಿಸಿದೆ. ನನ್ನ ಪ್ರಕಾರ, ಇಷ್ಟು ದಿನದ ನಿಮ್ಮ ಸೇವೆಗೆ ಸಿಕ್ಕಿರುವ ಮೊದಲ ಒಳ್ಳೆಯ ಫಲ ಇದು.

ನೀವು ಬರೆದಿರುವ ಶುಕ್ರವಾರದ ಕೂಟವನ್ನೇ ನೋಡಿ. ಅಡುಗೆ ನಿಮ್ಮದು, ಹಾಡು ನಿಮ್ಮದು, ಪಾಠ ನಿಮ್ಮದು, ಪ್ರಶ್ನೆ ಕೇಳುವವರೂ ನೀವೇ. ಅವರಿಗೆ ಉಳಿದಿರುವ ಕೆಲಸ ಬಂದು ಕೂರುವುದು, ತಿನ್ನುವುದು, ಥ್ಯಾಂಕ್ಸ್ ಹೇಳುವುದು. ಹೀಗೆ ಎಷ್ಟು ವರ್ಷ ಕಳೆದರೂ ಅವರು ಅತಿಥಿಗಳಾಗಿಯೇ ಉಳಿಯುತ್ತಾರೆ. ಅತಿಥಿಗೆ ಮನೆಯ ಜವಾಬ್ದಾರಿ ಇರುವುದಿಲ್ಲ, ಎದುರು ಮಾತಾಡುವ ಹಕ್ಕೂ ಇರುವುದಿಲ್ಲ. ನೀವು ಕೇಳಿರುವ ಉಳಿದ ಪ್ರಶ್ನೆಗಳ ಬೇರೂ ಬಹುಪಾಲು ಇಲ್ಲೇ ಇದೆ.

ಒಂದು ಶುಕ್ರವಾರ ಅಡುಗೆಮನೆಯನ್ನು ಅವರಿಗೆ ಬಿಟ್ಟುಕೊಡಿ. ಜಿಯಾವ್‌ಜಿ, ಅಂದರೆ ಚೀನೀ ಕಡುಬು, ಮಾಡೋಣ ಎಂದು ನೀವೇ ಕೇಳಿ. ಮೈದಾ ಹಿಟ್ಟು ನಾದಿ, ಸಣ್ಣ ಉಂಡೆ ಕಟ್ಟಿ, ಅಂಗೈಯಗಲ ಲಟ್ಟಿಸುತ್ತಾರೆ. ಅಂಚು ತೆಳ್ಳಗೆ, ನಡು ಸ್ವಲ್ಪ ದಪ್ಪ. ಒಳಗೆ ಕೊಚ್ಚಿದ ಹಂದಿಮಾಂಸ, ಕೋಸು, ಶುಂಠಿ. ಇಬ್ಬರು ಮೂವರಿಂದ ಮುಗಿಯುವ ಕೆಲಸವಲ್ಲ, ಮೇಜಿನ ಸುತ್ತ ಎಲ್ಲರೂ ನಿಲ್ಲಬೇಕು. ಇಂಥ ಸಂಜೆಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅಮೆರಿಕನ್ ಅಜ್ಜ ಮಡಚಿದ್ದು ನೀರಿಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಆಗ ಹಾರ್ಬಿನ್‌ನಿಂದ ಬಂದ ಹುಡುಗಿ ಪಕ್ಕಕ್ಕೆ ಬಂದು, ಅಂಚಿಗೆ ನೀರು ಸವರಿ, ಬೆರಳಲ್ಲಿ ಹೇಗೆ ಒತ್ತಬೇಕು ಎಂದು ತೋರಿಸುತ್ತಾಳೆ. ಅಲ್ಲಿಯವರೆಗೆ ಗುಂಪಿನಲ್ಲಿ ತುಟಿ ಬಿಚ್ಚದಿದ್ದವಳು ಅಮ್ಮನ ಬಗ್ಗೆ, ಹೊಸವರ್ಷದ ರಾತ್ರಿಯ ಬಗ್ಗೆ, ಅಜ್ಜಿಯ ಕಾಯಿಲೆ ಬಗ್ಗೆ ಮಾತಾಡತೊಡಗುತ್ತಾಳೆ. ಅವಳಿಗೆ ಅವತ್ತು ಕೊಡುವುದಕ್ಕೆ ಏನೋ ಇತ್ತು. ಸತ್ಯವೇದ ಅಧ್ಯಯನವೂ ಹಾಗೇ ಆಗಬೇಕು. ಪಾಠ ನಡೆಸುವುದು ಅವರಲ್ಲೇ ಒಬ್ಬರಾಗಲಿ, ಭಾಷೆ ಮ್ಯಾಂಡರಿನ್ ಆಗಲಿ, ನಿಮ್ಮ ಪಾಸ್ಟರ್ ಹಿಂದಿನ ಸಾಲಿನಲ್ಲಿ ಕೂತು ಯಾರಾದರೂ ಪಿಸುಮಾತಿನಲ್ಲಿ ಅರ್ಥ ಹೇಳುವುದನ್ನು ಕೇಳಲಿ. ಜೊತೆಗೊಂದು ಸಣ್ಣ ಕೆಲಸ: ಐಸ್ ಹಾಕಿದ ನೀರಿನ ಪಕ್ಕ ಬಿಸಿನೀರಿನ ಫ್ಲಾಸ್ಕ್ ಇಡಿ. ಊಟದ ಜೊತೆ ತಣ್ಣೀರು ಅವರಲ್ಲಿ ಅನೇಕರಿಗೆ ಇಳಿಯುವುದಿಲ್ಲ.

ನಿಮ್ಮ ಹಿರಿಯರ ಬೇಜಾರು ಹೊಸದಲ್ಲ. ಅಮೆರಿಕನ್ನರೂ ಚೀನೀಯರೂ ಸೇರಿ ಸುವಾರ್ತೆಯ ಕೆಲಸ ಮಾಡಿದ ಇತಿಹಾಸದುದ್ದಕ್ಕೂ ಇದೇ ತೊಡಕು ಕಾಣುತ್ತದೆ. ಎಲೈಜಾ ಬ್ರಿಡ್ಜ್‌ಮನ್ ಮತ್ತು ಡೇವಿಡ್ ಅಬೀಲ್ 1830ರಲ್ಲಿ ದಕ್ಷಿಣ ಚೀನಾದ ಕ್ಯಾಂಟನ್‌ಗೆ (ಈಗಿನ ಗುವಾಂಗ್‌ಝೌ) ಬಂದಿಳಿದರು. ಚೀನಾಕ್ಕೆ ಬಂದ ಮೊದಲ ಅಮೆರಿಕನ್ ಮಿಷನರಿಗಳು ಅವರೇ. 1835ರಲ್ಲಿ ಪೀಟರ್ ಪಾರ್ಕರ್ ಎಂಬ ಡಾಕ್ಟರ್ ಅದೇ ಊರಲ್ಲಿ ಕಣ್ಣಿನ ಆಸ್ಪತ್ರೆ ತೆರೆದರು. ಜನ ಸಾಲುಗಟ್ಟಿ ಬಂದರು. ಆದರೆ ಅದೇ ಪಾರ್ಕರ್, ಅದೇ ಬ್ರಿಡ್ಜ್‌ಮನ್ 1844ರಲ್ಲಿ ಅಮೆರಿಕ ಸರ್ಕಾರ ಚೀನಾದ ಜೊತೆ ವಾಂಗ್‌ಶಿಯಾ ಒಪ್ಪಂದ ಮಾಡಿಕೊಂಡಾಗ ದುಭಾಷಿಗಳಾಗಿ ಕೂತಿದ್ದರು. ಬ್ರಿಟನ್ ಜೊತೆಗಿನ ಅಫೀಮು ಯುದ್ಧದಲ್ಲಿ ಚೀನಾ ಸೋತ ಮೇಲೆ ಆದ ಒಪ್ಪಂದ ಅದು. ನಿಮ್ಮ ವಿದ್ಯಾರ್ಥಿಗಳು ಶಾಲೆಯಲ್ಲಿ ಓದಿರುವ ಆಧುನಿಕ ಇತಿಹಾಸ ಶುರುವಾಗುವುದೇ 1840ರ ಆ ಯುದ್ಧದಿಂದ. ಬಂದೂಕು, ಅಫೀಮು, ಮಿಷನರಿ ಮೂರೂ ಅವರ ಪಠ್ಯದಲ್ಲಿ ಹತ್ತಿರ ಹತ್ತಿರ ಬರುತ್ತವೆ. ಒಬ್ಬ ಕ್ರೈಸ್ತ ಹೆಚ್ಚಾದರೆ ಒಬ್ಬ ಚೀನೀಯ ಕಡಿಮೆ ಎಂಬ ಮಾತು ಅಲ್ಲಿ ಗಾದೆಯಂತೆ ಚಾಲ್ತಿಯಲ್ಲಿತ್ತು. ನಿಮ್ಮ ಕೂಟದಲ್ಲಿ ನಗುನಗುತ್ತಾ ಕೂತಿರುವ ಹುಡುಗನ ಮನಸ್ಸಿನ ಮೂಲೆಯಲ್ಲಿ ಆ ಅನುಮಾನ ಇದ್ದರೆ ಅದು ಅವನ ತಪ್ಪಲ್ಲ. ಅಮೆರಿಕನ್ ಸೋದರರು ಈ ಇತಿಹಾಸವನ್ನು ತಾವೇ ಓದಿಕೊಂಡು, ಅದರ ಬಗ್ಗೆ ತಾವೇ ಮೊದಲು ಮಾತಾಡಿದರೆ ಗಾಳಿ ಎಷ್ಟೋ ತಿಳಿಯಾಗುತ್ತದೆ.

ಕಡಲಿನ ಈಚೆ, ಅಮೆರಿಕದಲ್ಲೂ ಅದೇ ಕಥೆ. ಕ್ಯಾಂಟನ್‌ನಲ್ಲಿ ಕೆಲಸ ಮಾಡಿ ಕ್ಯಾಂಟನೀಸ್ ಕಲಿತಿದ್ದ ವಿಲಿಯಂ ಸ್ಪಿಯರ್ 1853ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀಯರ ಪ್ರೆಸ್ಬಿಟೇರಿಯನ್ ಸಭೆ ಕಟ್ಟಿದರು. ಮೂವತ್ತು ವರ್ಷ ತುಂಬುವ ಮೊದಲೇ, 1882ರಲ್ಲಿ, ಅಮೆರಿಕ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚುವ ಕಾನೂನು ತಂದಿತು. ಅದು ರದ್ದಾದದ್ದು 1943ರಲ್ಲಿ. ಚೀನಾಕ್ಕೆ ಮಿಷನರಿಗಳನ್ನು ಕಳಿಸುತ್ತಿದ್ದ ದೇಶವೇ ತನ್ನ ನೆಲದಲ್ಲಿ ಚೀನೀಯರನ್ನು ಬೇಡ ಅಂದಿತು.

ಇನ್ನು ಚಾರ್ಲಿ ಸೂಂಗ್ ವಿಷಯ. ಇದನ್ನು ನಿಮ್ಮ ಹಿರಿಯರಿಗೆ ನೀವು ಹೇಳಲೇಬೇಕು. ಹೈನಾನ್ ದ್ವೀಪದ ಹುಡುಗ. 1880ರಲ್ಲಿ ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ದೀಕ್ಷಾಸ್ನಾನ ತಗೊಂಡ. ಅಲ್ಲಿಯ ಮೆಥಡಿಸ್ಟರು ಅವನನ್ನು ಪ್ರೀತಿಯಿಂದ ಓದಿಸಿದರು. 1886ರಲ್ಲಿ ಅವನು ಮಿಷನರಿಯಾಗಿ ಶಾಂಘೈಗೆ ಮರಳಿದ. ಅಲ್ಲಿ ಅವನಿಗೆ ಅಮೆರಿಕನ್ ಮಿಷನರಿಗಳ ಸಮಾನ ಸ್ಥಾನ ಸಿಗಲಿಲ್ಲ. ಸಂಬಳವೂ ಸ್ಥಳೀಯ ಬೋಧಕರ ಲೆಕ್ಕದ್ದು, ತೀರಾ ಕಡಿಮೆ. ಅಷ್ಟು ವರ್ಷದ ಮೇಲೆ ಹೆತ್ತವರನ್ನು ನೋಡಿ ಬರೋಕೂ ಕೂಡಲೇ ರಜೆ ಕೊಡಲಿಲ್ಲ. ಕೆಲವೇ ವರ್ಷಗಳಲ್ಲಿ ಅವನು ಮಿಷನ್ ಕೆಲಸ ಬಿಟ್ಟು ಮುದ್ರಣದ ವ್ಯವಹಾರಕ್ಕೆ ಇಳಿದ. ಸತ್ಯವೇದವನ್ನೂ ಅಚ್ಚು ಹಾಕಿದ, ಚೀನಾದ ರಾಜಪ್ರಭುತ್ವ ಕೊನೆಗಾಣಿಸಲು ಹೊರಟ ಸನ್ ಯಾಟ್‌ಸೆನ್ ಅವರ ಹೋರಾಟಕ್ಕೆ ಹಣವನ್ನೂ ಕೊಟ್ಟ. ಅವನ ಮಗಳು ಚಿಂಗ್‌ಲಿಂಗ್ ಸನ್ ಯಾಟ್‌ಸೆನ್ ಅವರ ಹೆಂಡತಿಯಾದಳು, ಇನ್ನೊಬ್ಬ ಮಗಳು ಮೇಲಿಂಗ್ ಚೀನಾದ ನಾಯಕ ಚಿಯಾಂಗ್ ಕೈಶೆಕ್ ಅವರನ್ನು ಮದುವೆಯಾದಳು. ಓದಿಸುವಾಗ ಇದ್ದ ಪ್ರೀತಿ, ಅಧಿಕಾರ ಹಂಚಿಕೊಳ್ಳುವಾಗ ಇರಲಿಲ್ಲ.

ಇದನ್ನು ಆಗಲೇ ಗುರುತಿಸಿದ ಅಮೆರಿಕನ್ನರೂ ಇದ್ದರು. ಸಭೆ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು, ತನ್ನ ಆಡಳಿತ ತಾನೇ ನಡೆಸಬೇಕು, ಸುವಾರ್ತೆಯನ್ನೂ ತಾನೇ ಸಾರಬೇಕು ಎಂದು 19ನೇ ಶತಮಾನದ ನಡುವಿನಲ್ಲೇ ಅಮೆರಿಕದ ರೂಫಸ್ ಆಂಡರ್ಸನ್, ಇಂಗ್ಲೆಂಡಿನ ಹೆನ್ರಿ ವೆನ್ ಬರೆದಿದ್ದರು. ಚೀನಾದ ಶಾಂಡಾಂಗ್ ಪ್ರಾಂತ್ಯದಲ್ಲಿದ್ದ ಅಮೆರಿಕನ್ ಮಿಷನರಿ ಜಾನ್ ನೀವಿಯಸ್ ಇನ್ನೂ ಖಡಾಖಂಡಿತವಾಗಿ ಹೇಳಿದರು: ವಿದೇಶದ ಹಣದಲ್ಲಿ ಬೋಧಕರಿಗೆ ಸಂಬಳ ಕೊಡಬೇಡಿ, ವಿಶ್ವಾಸಿಗಳು ತಮ್ಮ ತಮ್ಮ ಕಸುಬಿನಲ್ಲೇ ಇದ್ದು ಸಾಕ್ಷಿ ಹೇಳಲಿ, ಪ್ರಾರ್ಥನೆಯ ಮನೆಯನ್ನು ಅವರೇ ಕಟ್ಟಿಕೊಳ್ಳಲಿ. ಚೀನಾದಲ್ಲಿ ಅವರ ಮಾತು ಹೆಚ್ಚು ನಡೆಯಲಿಲ್ಲ. 1890ರಲ್ಲಿ ಅವರು ಕೊರಿಯಾಕ್ಕೆ ಹೋಗಿ ಹೇಳಿದರು. ಅಲ್ಲಿಯ ಪ್ರೆಸ್ಬಿಟೇರಿಯನ್ನರು ಅದನ್ನೇ ಹಿಡಿದು ನಡೆದರು, ಸಭೆ ಬೆಳೆಯಿತು. ಕರಾವಳಿಯವರಾದ ನಿಮಗೆ ಈ ಪ್ರಶ್ನೆಯ ಬಿಸಿ ಗೊತ್ತಿರಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1847ರಲ್ಲಿ ಹಾಂಗ್‌ಕಾಂಗ್‌ಗೂ ಹೋಗಿ ಹಕ್ಕಾ ಜನರ ನಡುವೆ ಕೆಲಸ ಶುರು ಮಾಡಿತು. ಹೆಂಚಿನ ಕಾರ್ಖಾನೆಯ ಕೂಲಿಯೂ ಮಿಷನ್ನಿನದೇ, ಸಭೆಯೂ ಮಿಷನ್ನಿನದೇ ಆಗಿದ್ದಾಗ ಸ್ವಂತ ಕಾಲ ಮೇಲೆ ನಿಲ್ಲೋದು ಎಷ್ಟು ಕಷ್ಟ ಎಂದು ನಮ್ಮ ಹಿರಿಯರಿಗೂ ಅನುಭವ ಇದೆ.

1949ರಲ್ಲಿ ಚೀನಾದ ಪ್ರಾಟೆಸ್ಟೆಂಟರ ಸಂಖ್ಯೆ ಸುಮಾರು ಏಳು ಲಕ್ಷದಿಂದ ಹತ್ತು ಲಕ್ಷ ಎಂದು ಹೇಳುತ್ತಾರೆ. ಮುಂದಿನ ಕೆಲವೇ ವರ್ಷಗಳಲ್ಲಿ ವಿದೇಶಿ ಮಿಷನರಿಗಳೆಲ್ಲ ಹೊರಡಬೇಕಾಯಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸಭೆಗಳೇ ಮುಚ್ಚಿದವು. 1979ರಿಂದ ಮತ್ತೆ ತೆರೆದವು. 2018ರಲ್ಲಿ ಚೀನಾ ಸರ್ಕಾರವೇ ಹೊರಡಿಸಿದ ಶ್ವೇತಪತ್ರದಲ್ಲಿ ಪ್ರಾಟೆಸ್ಟೆಂಟರ ಸಂಖ್ಯೆ 3.8 ಕೋಟಿಗೂ ಹೆಚ್ಚು ಎಂದಿದೆ. ಈ ಬೆಳವಣಿಗೆಯ ದೊಡ್ಡ ಪಾಲು ಚೀನೀ ರೈತರು, ಹೆಂಗಸರು, ವ್ಯಾಪಾರಿಗಳು, ಜೈಲು ಕಂಡ ಬೋಧಕರು ಮಾಡಿದ ಕೆಲಸದ್ದು. ನಿಮ್ಮ ಹಾಲ್ ಕೇಳುತ್ತಿರುವವರು ಇಂಥ ಜನರ ನಡುವಿನಿಂದ ಬಂದವರು. ಕೂಟ ನಡೆಸೋದು ಅವರಿಗೆ ಬರುತ್ತದೆ.

ಹಾಲ್ ಕೊಡೋಕೆ ಇನ್ನೊಂದು ಕಾರಣವೂ ಇದೆ. ಅಮೆರಿಕಕ್ಕೆ ಬರುವ ಚೀನೀ ವಿದ್ಯಾರ್ಥಿಗಳು 2019-20ರಲ್ಲಿ 3.7 ಲಕ್ಷ ದಾಟಿದ್ದರು. 2023-24ರ ಹೊತ್ತಿಗೆ ಸುಮಾರು 2.77 ಲಕ್ಷಕ್ಕೆ ಇಳಿದರು, 3.3 ಲಕ್ಷದೊಂದಿಗೆ ನಮ್ಮ ಭಾರತದ ಮಕ್ಕಳು ಮುಂದೆ ಹೋದರು. ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ. ಉಳಿಯುವುದು ಕುಟುಂಬಗಳು. ಅವರ ಜೊತೆ ಮೊಮ್ಮಕ್ಕಳನ್ನು ನೋಡಿಕೊಳ್ಳೋಕೆ ಆರು ತಿಂಗಳ ವೀಸಾದಲ್ಲಿ ಬರುವ ಅಜ್ಜ ಅಜ್ಜಿಯರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಕಾರು ಓಡಿಸೋಕೆ ಬರುವುದಿಲ್ಲ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮಾತಿಗೂ ಜನ ಇಲ್ಲ. ಈ ಪಾಡು ನಮ್ಮವರಿಗೂ ಗೊತ್ತು ಅಲ್ವಾ? ಅಂಥ ಅಜ್ಜಿಗೆ ವಾರಕ್ಕೊಮ್ಮೆ ತನ್ನ ಭಾಷೆಯಲ್ಲಿ ಹಾಡಿ, ಅತ್ತು, ಪ್ರಾರ್ಥನೆ ಮಾಡೋಕೆ ಜಾಗ ಕೊಡುವುದು ಮ್ಯಾಂಡರಿನ್ ಕೂಟ ಮಾತ್ರ. ನಿಮ್ಮ ಇಂಗ್ಲಿಷ್ ಕೂಟ ಎಷ್ಟೇ ಚೆನ್ನಾಗಿದ್ದರೂ ಅದು ಅವರಿಗೆ ಮುಟ್ಟುವುದಿಲ್ಲ.

ಹಾಗಾಗಿ ಬಾಡಿಗೆದಾರರ ಥರ ನಡೆಸಿಕೊಳ್ಳಬೇಡಿ. ಹೊರಗಿನ ಬೋರ್ಡಿನಲ್ಲಿ ಅವರ ಕೂಟದ ಹೆಸರು ಚೀನೀ ಅಕ್ಷರದಲ್ಲೇ ಇರಲಿ. ಕರೆಂಟು, ಹೀಟಿಂಗ್ ಖರ್ಚಿನಲ್ಲಿ ಅವರು ಪಾಲು ಕೊಡುತ್ತೇವೆ ಅಂದರೆ ಬೇಡ ಅನ್ನಬೇಡಿ. ಅವರಲ್ಲಿ ಒಬ್ಬರು ಸಭಾಹಿರಿಯರ ಮೀಟಿಂಗಿನಲ್ಲಿ ಕೂರಲಿ. ಅಡುಗೆಮನೆಯಲ್ಲಿ ಎಣ್ಣೆ ವಾಸನೆ ಉಳಿಯಿತು, ಮಕ್ಕಳು ಗಲಾಟೆ ಮಾಡಿದರು ಎಂಬ ದೂರು ಖಂಡಿತ ಬರುತ್ತದೆ. ಅದನ್ನು ಮೂರನೆಯವರ ಹತ್ತಿರ ಆಡಿಕೊಳ್ಳದೆ ಆ ಮೀಟಿಂಗಿನಲ್ಲೇ ಮುಗಿಸಿ.

ಇನ್ನು ಆ 'ಹೂಂ' ವಿಷಯ. ಮೇಜಿನ ಸುತ್ತ ಹತ್ತು ಜನ ಕೂತಿರುವಾಗ, ಊಟ ಹಾಕಿದ ಹಿರಿಯರು "ಯೇಸುವನ್ನು ನಂಬುತ್ತೀಯಾ" ಎಂದು ಕೇಳಿದರೆ, ಯಾವ ಹುಡುಗ ಇಲ್ಲ ಅನ್ನುತ್ತಾನೆ? ಹಿರಿಯರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋಕೆ ನಮಗೂ ಬಾಯಿ ಬರುವುದಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ಮರ್ಯಾದೆ ಕೊಡುತ್ತಿದ್ದಾನೆ. ಆ ಹೂಂ ಅನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ಕಾಣಿಕೆ ಕೊಡುವವರಿಗೆ ವರದಿ ಕಳಿಸುವುದು ಅವನಿಗೆ ಮಾಡುವ ಅನ್ಯಾಯ. ಗುಂಪಿನಲ್ಲಿ ಇಂಥ ಪ್ರಶ್ನೆ ಕೇಳುವುದನ್ನು ನಿಲ್ಲಿಸಿ. ಅಂಗಡಿಗೆ ಕರೆದುಕೊಂಡು ಹೋಗುವಾಗ ಕಾರಿನಲ್ಲಿ, ಇಬ್ಬರೇ ನಡೆಯುವಾಗ ಕೇಳಿ. ನಂಬುತ್ತೀಯಾ ಎಂದು ಕೇಳುವುದಕ್ಕಿಂತ, ಇವತ್ತು ಓದಿದ್ದರಲ್ಲಿ ನಿನಗೆ ಒಪ್ಪಿಗೆ ಆಗದ್ದು ಯಾವುದು ಎಂದು ಕೇಳಿ. ಆಮೇಲೆ ಸುಮ್ನೆ ಇರಿ. ಅಮೆರಿಕನ್ನರಿಗೆ ಮೌನ ಬೇಗ ಕಷ್ಟವಾಗುತ್ತದೆ, ಅವರೇ ಉತ್ತರ ತುಂಬಿಬಿಡುತ್ತಾರೆ. ನೀವು ಪಕ್ಕದಲ್ಲಿದ್ದರೆ ಅವರನ್ನು ಸ್ವಲ್ಪ ತಡೆಯಿರಿ.

ಇಂಗ್ಲಿಷ್ ತರಗತಿಯನ್ನೂ ಸತ್ಯವೇದ ಅಧ್ಯಯನವನ್ನೂ ಬೇರೆ ಮಾಡಿ. ಇಂಗ್ಲಿಷ್ ಕಲಿಸುತ್ತೇವೆ ಎಂದು ಕರೆದು ಸುವಾರ್ತೆ ಹೇಳುವುದು ಪ್ರಾಮಾಣಿಕವಲ್ಲ. ಏರ್‌ಪೋರ್ಟಿನಿಂದ ಕರೆತಂದದ್ದು, ಹಳೇ ಸೋಫಾ ಕೊಟ್ಟದ್ದು, ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದದ್ದು ಯಾವುದಕ್ಕೂ ಲೆಕ್ಕ ಇಡಬೇಡಿ. ಸತ್ಯವೇದ ಬೇಡ ಎಂದವನಿಗೂ ಅದೇ ಸೋಫಾ, ಅದೇ ಊಟ ಸಿಗಬೇಕು.

ದೀಕ್ಷಾಸ್ನಾನವನ್ನು ಮುಂದೂಡುವುದರ ಹಿಂದೆ ಹೆಚ್ಚಾಗಿ ಇರುವುದು ಅಪ್ಪ ಅಮ್ಮ. ನಿಮ್ಮ ವಿದ್ಯಾರ್ಥಿಗಳು ಹುಟ್ಟಿದ್ದು 1980ರಿಂದ 2015ರವರೆಗೆ ನಡೆದ ಒಂದೇ ಮಗುವಿನ ನೀತಿಯ ಕಾಲದಲ್ಲಿ. ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಆರು ಜನರ ಕಣ್ಣು ಆ ಒಂದು ಮಗುವಿನ ಮೇಲೆ. ಏಪ್ರಿಲ್ 4 ಅಥವಾ 5ಕ್ಕೆ ಚಿಂಗ್‌ಮಿಂಗ್ ಬರುತ್ತದೆ. ಮನೆಯವರೆಲ್ಲ ಹಿರಿಯರ ಸಮಾಧಿಗೆ ಹೋಗಿ, ಕಳೆ ಕಿತ್ತು, ಗುಡಿಸಿ, ಹಣ್ಣು ತಿಂಡಿ ಇಟ್ಟು, ಊದುಬತ್ತಿ ಹಚ್ಚಿ, ತಲೆಬಾಗುತ್ತಾರೆ. ಇರುವ ಒಬ್ಬನೇ ಮಗ ನಾನು ಬಾಗುವುದಿಲ್ಲ ಅಂದರೆ ಆ ಮನೆಗೆ ಅದು ತಮ್ಮನ್ನೇ ತೊರೆದ ಹಾಗೆ. ಶ್ರಾದ್ಧದ ದಿನ ಮನೆಯಲ್ಲಿ ಏನಾಗುತ್ತದೆ ಎಂದು ಕಂಡಿರುವ ನಮ್ಮ ಕಡೆಯ ವಿಶ್ವಾಸಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1890ರಲ್ಲಿ ಶಾಂಘೈನಲ್ಲಿ ನಡೆದ ಪ್ರಾಟೆಸ್ಟೆಂಟ್ ಮಿಷನರಿಗಳ ಸಮ್ಮೇಳನದಲ್ಲಿ ಇದೇ ಪ್ರಶ್ನೆ ಬಂದಿತ್ತು. ಹಿರಿಯರಿಗೆ ಗೌರವ ಸಲ್ಲಿಸುವ ಆಚರಣೆಯನ್ನು ಒಂದೇ ಏಟಿಗೆ ತಳ್ಳಿಹಾಕಬೇಡಿ ಎಂದು ಅಮೆರಿಕನ್ ಪ್ರೆಸ್ಬಿಟೇರಿಯನ್ ಡಬ್ಲ್ಯು.ಎ.ಪಿ. ಮಾರ್ಟಿನ್ ಅವರ ಪ್ರಬಂಧ ಕೇಳಿಕೊಂಡಿತು. ಚೈನಾ ಇನ್‌ಲ್ಯಾಂಡ್ ಮಿಷನ್ನಿನ ಹಡ್ಸನ್ ಟೇಲರ್, ಇದನ್ನು ಒಪ್ಪದವರು ಎದ್ದು ನಿಲ್ಲಿ ಅಂದರು. ಹೆಚ್ಚುಕಡಿಮೆ ಎಲ್ಲರೂ ಎದ್ದು ನಿಂತರು. ಕಥೋಲಿಕ ಸಭೆಯೂ 18ನೇ ಶತಮಾನದಲ್ಲಿ ನಿಷೇಧಿಸಿ, 1939ರಲ್ಲಿ ಅದನ್ನು ಸಡಿಲಿಸಿತು. ಊದುಬತ್ತಿ ಹಚ್ಚಬಹುದೇ ಬಾರದೇ ಎಂಬುದಕ್ಕೆ ನಾನು ಇಲ್ಲಿಂದ ತೀರ್ಪು ಕೊಡುವುದಿಲ್ಲ. ನಿಮ್ಮ ಅಮೆರಿಕನ್ ಪಾಸ್ಟರ್ ಕೂಡ ಕೊಡಬಾರದು. ಹತ್ತು ಚಿಂಗ್‌ಮಿಂಗ್ ದಾಟಿ ಬಂದ ಚೀನೀ ವಿಶ್ವಾಸಿಗಳು ಆ ಮಕ್ಕಳ ಜೊತೆ ಕೂತು ಸತ್ಯವೇದ ತೆರೆದು ಮಾತಾಡಲಿ. ಕೆಲವರು ಸಮಾಧಿ ಗುಡಿಸಿ, ಹೂವಿಟ್ಟು, ನಿಂತು ಪ್ರಾರ್ಥಿಸುತ್ತಾರೆ. ಅದನ್ನು ಮನೆಯವರಿಗೆ ಹೇಗೆ ತಿಳಿಸಿದರು, ಎಷ್ಟು ಅತ್ತರು, ಆಮೇಲೆ ಏನಾಯಿತು ಎಂಬುದು ಅವರಿಗೆ ಮಾತ್ರ ಗೊತ್ತು.

ಆತುರ ಬೇಡ ಎಂಬುದಕ್ಕೆ ಇನ್ನೂ ಒಂದು ಕಾರಣ. ಚೆನ್ನಾಗಿ ಓದುವ ಮಕ್ಕಳಲ್ಲಿ ಕೆಲವರು ಕಾಲೇಜಿನಲ್ಲೇ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿರುತ್ತಾರೆ. ಪಕ್ಷದ ಸದಸ್ಯರು ಯಾವ ಧರ್ಮವನ್ನೂ ನಂಬಕೂಡದು ಎಂದು ನಿಯಮ. ಅಂಥವರಿಗೆ ದೀಕ್ಷಾಸ್ನಾನ ಎಂದರೆ ಮುಂದೆ ಸರ್ಕಾರಿ ಕೆಲಸಕ್ಕೂ ಮನೆಯವರ ಹೆಸರಿಗೂ ತಟ್ಟುವ ವಿಷಯ. ಅಪ್ಪ ಅಮ್ಮನಿಗೆ ಮೊದಲು ಹೇಳುತ್ತೇನೆ ಎಂದು ಯಾರಾದರೂ ಕಾಯುತ್ತಿದ್ದರೆ, ಅದನ್ನು ಅಳುಕು ಎಂದು ತಿಳಿಯಬೇಡಿ. ನಂಬಿಕೆ ಗಟ್ಟಿಯಾಗುತ್ತಿರುವುದರ ಗುರುತು ಅದು. ವಿಡಿಯೋ ಕಾಲ್‌ನಲ್ಲಿ ಅಮ್ಮ ಸಿಕ್ಕಾಗ ನೀವೂ ಒಮ್ಮೆ ನಮಸ್ಕಾರ ಹೇಳಿ. ಮಗಳು ಚೆನ್ನಾಗಿ ಊಟ ಮಾಡುತ್ತಿದ್ದಾಳೆ ಎಂದು ತಿಳಿಸಿ. ಈ ವಿಷಯದಲ್ಲಿ ಅಮೆರಿಕನ್ನರಿಗಿಂತ ನಿಮಗೆ ಸಲಿಗೆ ಜಾಸ್ತಿ. ನೀವೂ ದೂರದ ಮನೆಗೆ ಫೋನ್ ಹಚ್ಚುವವರು, ಅನ್ನ ತಿನ್ನುವವರು, ಮದುವೆ ಯಾವಾಗ ಎಂಬ ಪ್ರಶ್ನೆ ಕೇಳಿಸಿಕೊಂಡವರು.

ವಾಪಸ್ ಹೋದ ಇಬ್ಬರ ಮೌನಕ್ಕೆ ಕಾರಣ ಇದೇ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಆದರೆ ಅಲ್ಲಿಯ ಪರಿಸ್ಥಿತಿ ನಿಮ್ಮ ತಂಡಕ್ಕೆ ಗೊತ್ತಿರಬೇಕು. ಧರ್ಮದ ವ್ಯವಹಾರಗಳ ಪರಿಷ್ಕೃತ ನಿಯಮಗಳು 2018ರ ಫೆಬ್ರವರಿಯಿಂದ ಜಾರಿಯಲ್ಲಿವೆ. ಅದೇ ವರ್ಷ ಆನ್‌ಲೈನ್ ಅಂಗಡಿಗಳಿಂದ ಸತ್ಯವೇದ ಮಾಯವಾಯಿತು. ಚೆಂಗ್ಡುವಿನ ನೋಂದಣಿಯಿಲ್ಲದ ಅರ್ಲಿ ರೇನ್ ಸಭೆಯ ಪಾಸ್ಟರ್ ವಾಂಗ್ ಯಿ ಅವರನ್ನು 2018ರ ಡಿಸೆಂಬರಿನಲ್ಲಿ ಬಂಧಿಸಿ, ಮರುವರ್ಷ ಒಂಬತ್ತು ವರ್ಷದ ಶಿಕ್ಷೆ ಕೊಟ್ಟರು. 2022ರ ಮಾರ್ಚಿನಿಂದ ಇಂಟರ್ನೆಟ್ಟಿನಲ್ಲಿ ಧರ್ಮದ ವಿಷಯ ಹಾಕೋಕೆ ಸರ್ಕಾರದ ಪರವಾನಗಿ ಬೇಕು. ಚೀನೀಯರು ಬಳಸುವ ವೀಚಾಟ್ ಆ್ಯಪ್‌ನಲ್ಲಿ ನೀವು ಕಳಿಸುವ ಉದ್ದುದ್ದ ವಚನಗಳಿಗೆ ಉತ್ತರ ಬಾರದಿದ್ದರೆ ಅದಕ್ಕೆ ಭಯ ಕಾರಣ ಇರಬಹುದು, ಬರೀ ದಣಿವೂ ಕಾರಣ ಇರಬಹುದು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ, ವಾರಕ್ಕೆ ಆರು ದಿನ ದುಡಿಸುವ ಕಂಪನಿಗಳು ಅಲ್ಲಿ ಸಾಮಾನ್ಯ. ದೀಕ್ಷಾಸ್ನಾನದ ಫೋಟೋಗಳನ್ನು ಹೆಸರು ಸಮೇತ ಸಭೆಯ ಫೇಸ್‌ಬುಕ್ ಪುಟದಲ್ಲಿ ಹಾಕಿದ್ದರೆ ಇವತ್ತೇ ತೆಗೆಸಿ.

ಅಮೆರಿಕನ್ನರಲ್ಲಿ ಒಂದು ತಪ್ಪು ಕಲ್ಪನೆಯಿದೆ. ಸರ್ಕಾರದಲ್ಲಿ ನೋಂದಾಯಿಸಿದ ತ್ರೀ-ಸೆಲ್ಫ್ (ಸ್ವಂತ ಖರ್ಚು, ಸ್ವಂತ ಆಡಳಿತ, ಸ್ವಂತ ಪ್ರಚಾರ ಎಂಬ ಹೆಸರಿನ) ಸಭೆಗಳೆಲ್ಲ ಸುಳ್ಳು, ನೋಂದಣಿಯಿಲ್ಲದ ಮನೆಸಭೆಗಳು ಮಾತ್ರ ನಿಜ ಎಂದು. ನಾನು ಇದನ್ನು ಒಪ್ಪುವುದಿಲ್ಲ. ನೋಂದಾಯಿತ ಸಭೆಯ ಮೇಲೆ ಸರ್ಕಾರದ ಹಿಡಿತ ಇದೆ ಎಂಬುದು ನಿಜ. ಬೀಜಿಂಗ್‌ನ ಬೋಧಕ ವಾಂಗ್ ಮಿಂಗ್‌ದಾವ್ ಅಂಥವರು ಅದಕ್ಕೆ ಸೇರಲು ಒಪ್ಪದೆ 1955ರಲ್ಲಿ ಜೈಲು ಸೇರಿದರು, ಆ ತ್ಯಾಗ ದೊಡ್ಡದು. ಆದರೂ ಭಾನುವಾರ ಆ ಬೆಂಚುಗಳ ಮೇಲೆ ಕೂತು ಮೊಣಕಾಲೂರಿ ಪ್ರಾರ್ಥಿಸುವ ಲಕ್ಷಾಂತರ ಜನರ ನಂಬಿಕೆಯೂ ದೊಡ್ಡದೇ. ನಾನ್‌ಜಿಂಗ್‌ನ ಅಮಿಟಿ ಮುದ್ರಣಾಲಯ 1980ರ ದಶಕದ ಕೊನೆಯಿಂದ 20 ಕೋಟಿಗೂ ಹೆಚ್ಚು ಸತ್ಯವೇದಗಳನ್ನು ಅಚ್ಚು ಹಾಕಿದೆ, ಅಲ್ಲಿಯ ಜನರಿಗೆ ಅವು ಸಿಗುವುದು ಈ ಸಭೆಗಳಲ್ಲೇ. ಒಬ್ಬಂಟಿಯಾಗಿ ಊರಿಗೆ ಮರಳುವ ಹುಡುಗಿಗೆ ಹತ್ತಿರದ ನೋಂದಾಯಿತ ಸಭೆ ಸುರಕ್ಷಿತವಾದ ಮೊದಲ ಹೆಜ್ಜೆಯಾಗಬಹುದು. ಎಲ್ಲಿಗೆ ಹೋಗಬೇಕು ಎಂದು ಅವಳೇ ನಿರ್ಧರಿಸಲಿ.

ತಯಾರಿ ಮಾತ್ರ ಇಲ್ಲೇ ಆಗಬೇಕು. ಇಂಗ್ಲಿಷಿನಲ್ಲಿ ಮಾತ್ರ ಪ್ರಾರ್ಥಿಸಲು ಕಲಿತವರಿಗೆ ಊರಿಗೆ ಹೋದ ಮೇಲೆ ಬಾಯಿ ಕಟ್ಟುತ್ತದೆ. ಹೊರಡುವ ಮೊದಲೇ ಚೀನೀ ಸತ್ಯವೇದ ಓದಿ, ಚೀನೀ ಹಾಡು ಹಾಡಿ, ಚೀನೀ ಸಭೆಯ ಉದ್ದದ ಪ್ರಸಂಗ ಕೇಳಿ ಅಭ್ಯಾಸವಾಗಿರಬೇಕು. ಗಿಟಾರ್, ಪಿಜ್ಜಾ, ತನ್ನ ವಯಸ್ಸಿನ ಗೆಳೆಯರು ಇಲ್ಲದ, ಮುದುಕಿಯರೇ ತುಂಬಿದ ಸಭೆಯಲ್ಲಿ ಕೂರೋದು ಹೇಗೆ ಎಂದೂ ಮಾತಾಡಬೇಕು. ನಿಮ್ಮ ಹೊಸ ಮ್ಯಾಂಡರಿನ್ ಕೂಟ ಈ ಕೆಲಸವನ್ನು ನಿಮ್ಮೆಲ್ಲರಿಗಿಂತ ಚೆನ್ನಾಗಿ ಮಾಡುತ್ತದೆ. ಮುಂದಿನ ಮೇ ತಿಂಗಳಲ್ಲಿ ಪದವಿ ಮುಗಿಸಿ ಹೊರಡುವವರು ಯಾರು ಎಂದು ಈಗಲೇ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಆ ಕೂಟದ ಒಬ್ಬರನ್ನು ಜೊತೆ ಮಾಡಿ.

ಸುದ್ದಿಯಿಲ್ಲದ ಆ ಇಬ್ಬರಿಗೆ ಚೀನೀ ಹೊಸವರ್ಷದ ದಿನ ಸಾದಾ ಶುಭಾಶಯ ಕಳಿಸಿ. ಕೆಲಸ ಹೇಗಿದೆ, ಅಪ್ಪ ಅಮ್ಮ ಆರೋಗ್ಯವಾಗಿದ್ದಾರಾ ಎಂದು ಕೇಳಿ. ಸಭೆಗೆ ಹೋಗ್ತಿದ್ದೀಯಾ ಎಂದು ಕೇಳಬೇಡಿ. ಉತ್ತರ ಬಾರದಿದ್ದರೆ ಮುಂದಿನ ವರ್ಷ ಮತ್ತೆ ಕಳಿಸಿ.